ಪುತ್ತರಿ ಗೆಣಸು ಹೂ ಬಿಟ್ಟಿದೆ, ಇದರಿಂದ ಹೊಸ ತಳಿ ಮಾಡಬಹುದಾ?

ಪ್ರಶ್ನೆ: ತಲಘಟ್ಟಪುರ ಮಹಡಿ

ಎಲ್ಲರಿಗೂ ನಮಸ್ಕಾರ. ನಮ್ಮೂರು ಮಡಿಕೇರಿ ಹತ್ತಿರ, ಈಗ ಇರುವುದು ಕನಕಪುರ ರಸ್ತೆಯ ತಲಘಟ್ಟಪುರದಲ್ಲಿ. ಪುತ್ತರಿ ಹಬ್ಬಕ್ಕೆ ಊರಿಂದ ತಂದ ನೇರಳೆ ಗೆಣಸಿನಲ್ಲಿ ಒಂದು ತುಂಡು ಉಳಿಸಿ ಮಹಡಿಯ ನೀಲಿ ಡ್ರಮ್ಮಿನಲ್ಲಿ ನೆಟ್ಟಿದ್ದೆ. ಸಂಕ್ರಾಂತಿಗೆ ಬೇಯಿಸುವ ಸಿಹಿಗೆಣಸಲ್ಲ ಇದು. ನಾಲ್ಕು ಮೂಲೆಯ ಕಾಂಡ, ಮೂಲೆಗಳಿಗೆ ಸಣ್ಣ ರೆಕ್ಕೆ, ಎದುರುಬದುರು ಎಲೆ. ಕರಾವಳಿಯವರು ತೂಣಗೆಣಸು ಅನ್ನುತ್ತಾರೆ, ಇಲ್ಲಿನ ಮಲಯಾಳಿ ತರಕಾರಿ ಅಂಗಡಿಗಳಲ್ಲಿ ಕಾಚಿಲ್ ಅಂದರೆ ಕೊಡುತ್ತಾರೆ.

ಬಳ್ಳಿ ನೀರಿನ ಟ್ಯಾಂಕಿನ ಏಣಿ ಹತ್ತಿ, ಪಕ್ಕದ ಮನೆಯ ಡಿಶ್ಶಿಗೂ ಸುತ್ತಿಕೊಂಡಿದೆ. ಅವರಿಗೆ ಅದರಿಂದ ಬೇಸರ, ಅದು ಬೇರೆ ಕತೆ. ಈ ವರ್ಷ ಮೊದಲ ಸಲ ಹೂ ಬಿಟ್ಟಿದೆ. ಸಣ್ಣ ಸಣ್ಣ ದಾರಗಳು ನೇತಾಡುತ್ತಿವೆ.

ನನ್ನ ತೊಂದರೆ ಏನು ಅಂದರೆ, ಗೆಡ್ಡೆ ರುಚಿಯಾಗಿದೆ, ಬಣ್ಣ ಚೆನ್ನಾಗಿದೆ, ಆದರೆ ಆಕಾರಕ್ಕೆ ಲಂಗುಲಗಾಮಿಲ್ಲ. ಡ್ರಮ್ಮಿನ ತಳದವರೆಗೂ ಇಳಿಯುತ್ತದೆ, ಅಲ್ಲಿ ಕವಲೊಡೆದು ಗೋಡೆಗೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ತೆಗೆಯುವಾಗ ಮುರಿಯದೆ ಬರುವುದೇ ಇಲ್ಲ. ಮುರಿದ ಕಡೆಯಿಂದ ಕೊಳೆಯಲು ಶುರು. ಊರಲ್ಲಿ ಅಪ್ಪ ಗುಂಡಿ ತೋಡಿ ಸೊಂಟದವರೆಗೆ ಇಳಿದು ತೆಗೆಯುತ್ತಿದ್ದರು. ಮಹಡಿಯಲ್ಲಿ ಅದೆಲ್ಲಾ ಆಗುತ್ತಾ?

ಗುಂಡಗೆ, ಗಿಡ್ಡಗೆ ಕೂರುವ, ಒಳಗೆ ನೇರಳೆಯೇ ಇರುವ ಗೆಣಸು ಬೇಕು. ಈ ಹೂವಿನಿಂದ ಬೀಜ ಬಂದರೆ ಅಂಥದ್ದೊಂದು ಹುಟ್ಟಬಹುದಾ? ಇಂಥ ಕೆಲಸ ಯಾರಾದರೂ ಮಾಡುತ್ತಿದ್ದಾರಾ, ಅಥವಾ ಗೆಣಸಿಗೆ ಹೊಸ ತಳಿ ಅನ್ನುವುದೇ ಇಲ್ಲವಾ? ಗೊತ್ತಿರುವವರು ಹೇಳಿ.

ಉತ್ತರ: ಹೊಸಕೋಟೆ ತೋಟ

ಸುಮ್ನೆ ಯಾಕೆ ತಲೆನೋವು? ಸುವರ್ಣಗೆಡ್ಡೆ ಹಾಕಿ. ಗಜೇಂದ್ರ ಅಂತ ತಳಿ ಇದೆ, ಆಂಧ್ರದ ಕೊವ್ವೂರಿನದು. ಗುಂಡಗೆ ಕೂರುತ್ತದೆ, ಬಾಯಿ ಕೆರೆಯುವುದಿಲ್ಲ, ಬಳ್ಳಿ ಇಲ್ಲ, ಪಕ್ಕದ ಮನೆಯವರ ಜೊತೆ ಜಗಳವೂ ಇಲ್ಲ.

ಉತ್ತರ: ತಲಘಟ್ಟಪುರ ಮಹಡಿ

ಅಣ್ಣಾ, ಸುವರ್ಣಗೆಡ್ಡೆ ನನಗೂ ಇಷ್ಟ. ಆದರೆ ಪುತ್ತರಿಗೆ ಅದನ್ನು ಬೇಯಿಸಿ ಬೆಲ್ಲ ತುಪ್ಪ ಹಾಕಿಕೊಟ್ಟರೆ ನಮ್ಮಮ್ಮ ತಟ್ಟೆ ವಾಪಸ್ ಕೊಡುತ್ತಾರೆ.

ಉತ್ತರ: ಗೆಡ್ಡೆ ಮಾವ, ಯಲಹಂಕ

ಹೊಸಕೋಟೆಯವರು ಹೇಳಿದ್ದು ಕೆಸುವಿನ ಕುಟುಂಬದ ಗಿಡ. ಇವರು ಕೇಳುತ್ತಿರುವುದಕ್ಕೂ ಅದಕ್ಕೂ ನಂಟಿಲ್ಲ. ತಪ್ಪು ತಿಳಿಯಬೇಡಿ.

ನಾನು ವಿಜ್ಞಾನಿ ಅಲ್ಲ. ಕೆಲಸದಲ್ಲಿದ್ದಾಗ ಗೆಡ್ಡೆ ಬೆಳೆಗಳ ತಾಕಿನಲ್ಲಿ ಲೇಬಲ್ ಕಟ್ಟುವುದು, ಹೂವಿಗೆ ಚೀಲ ಹಾಕುವುದು, ಪರಾಗ ಮುಟ್ಟಿಸುವುದು, ಗೆಡ್ಡೆ ತೂಗಿ ಬರೆದಿಡುವುದು ನನ್ನ ಪಾಲಿಗಿತ್ತು. ಪೇಪರಿನಲ್ಲಿ ಹೆಸರು ಬರುವವರು ಬೇರೆ. ಆದರೆ ಗೆಣಸಿನ ಹೂವನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಈ ಊರಲ್ಲಿ ಕಡಿಮೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಮೊದಲು ನಿಮ್ಮ ಹೂವು ಗಂಡೋ ಹೆಣ್ಣೋ ನೋಡಿ. ತೂಣಗೆಣಸಿನಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಒಂದೇ ಬಳ್ಳಿಯಲ್ಲಿ ಎರಡೂ ಇರುವುದು ಬಲು ಅಪರೂಪ. ದಾರ ಕವಲೊಡೆದು, ಪ್ರತಿ ಕವಲೂ ಅಂಕುಡೊಂಕಾಗಿ, ಗಂಟುಗಂಟಿಗೆ ಒಂದೆರಡು ಮಿಲಿಮೀಟರಿನ ಹಸಿರು ಮೊಗ್ಗು ಅಂಟಿಕೊಂಡಿದ್ದರೆ ಗಂಡು. ಕವಲಿಲ್ಲದ ಒಂದೇ ದಾರ ಕೆಳಮುಖವಾಗಿ ನೇತಾಡುತ್ತಾ, ಪ್ರತಿ ಹೂವಿನ ಹಿಂದೆಯೂ ಮೂರು ಮೂಲೆಯ ಉದ್ದನೆಯ ಅಂಡಾಶಯ ಕಂಡರೆ ಹೆಣ್ಣು. ಕನ್ನಡಕ ಹಾಕಿಕೊಂಡೇ ನೋಡಬೇಕು. ಫೋಟೋ ಹಾಕಿ, ಹೇಳುತ್ತೇನೆ.

ಗೆಣಸಿಗೆ ಹೊಸ ತಳಿ ಇಲ್ಲವಾ ಅಂತ ಕೇಳಿದಿರಿ. ಇದೆ, ಆದರೆ ಭತ್ತ, ರಾಗಿಗೆ ಹೋಲಿಸಿದರೆ ಬೆರಳೆಣಿಕೆ. ಕಾರಣ ಗಿಡದ ಸ್ವಭಾವದಲ್ಲೇ ಇದೆ. ಸಾವಿರಾರು ವರ್ಷದಿಂದ ಜನ ಗೆಡ್ಡೆ ಕತ್ತರಿಸಿ ನೆಟ್ಟರು. ಗೆಡ್ಡೆ ಚೆನ್ನಾಗಿದ್ದರೆ ಉಳಿಸಿಕೊಂಡರು, ಹೂವನ್ನು ಯಾರೂ ಕೇಳಲಿಲ್ಲ. ಹಾಗಾಗಿ ಎಷ್ಟೋ ಹಳೇ ತಳಿಗಳು ಹೂ ಬಿಡುವುದನ್ನೇ ಬಿಟ್ಟಿವೆ. ಬಿಟ್ಟರೂ ಒಂದು ವರ್ಷ ಬಿಡುತ್ತವೆ, ಮರುವರ್ಷ ಮುನಿಸು. ಗಂಡು ಬಳ್ಳಿ ಹೂ ಬಿಟ್ಟು ಮುಗಿಸುವಾಗ ಹೆಣ್ಣು ಬಳ್ಳಿ ಆಗ ತಾನೇ ಮೊಗ್ಗು ತೋರಿಸುತ್ತಿರುತ್ತದೆ. ಅದರ ಮೇಲೆ ಕ್ರೋಮೋಸೋಮಿನ ಗೊಂದಲ. ತೂಣಗೆಣಸಿನಲ್ಲಿ 40 ಇರುವ ತಳಿಗಳಿವೆ, 60 ಇರುವವು, 80 ಇರುವವು. 40ಕ್ಕೂ 80ಕ್ಕೂ ಜೋಡಿ ಮಾಡಿದರೆ 60 ಬರುತ್ತದೆ. ಆ 60ರ ಬಳ್ಳಿ ಗೆಡ್ಡೆ ಚೆನ್ನಾಗಿ ಕೊಡಬಹುದು, ಆದರೆ ಅದರಿಂದ ಮುಂದೆ ಬೀಜದ ಆಸೆ ಇಟ್ಟುಕೊಳ್ಳಬಾರದು. ತಳಿ ಮಾಡುವವನಿಗೆ ಅಲ್ಲಿಗೆ ದಾರಿ ಮುಗಿಯಿತು.

ಪರಾಗ ಮುಟ್ಟಿಸುವ ಕೆಲಸ ಹೇಗೆ ಅಂದರೆ: ಹೆಣ್ಣು ಹೂ ಅರಳುವ ಮೊದಲೇ ಇಡೀ ದಾರಕ್ಕೆ ತೆಳು ಬಟ್ಟೆಯ ಚೀಲ ಹಾಕಬೇಕು. ಗಾಳಿಗೆ ಇದರ ಪರಾಗ ಹಾರುವುದಿಲ್ಲ, ಅಂಟಂಟು. ಥ್ರಿಪ್ಸ್ ನುಸಿಯಂಥ ಚಿಕ್ಕ ಹುಳಗಳು ಹೊತ್ತು ತರುತ್ತವೆ, ಅದಕ್ಕೇ ಚೀಲ. ಬಿಸಿಲು ಏರಿ ಗಂಡು ಹೂ ಬಾಯಿ ಬಿಟ್ಟಾಗ ಕಿತ್ತು ತರಬೇಕು. ಎಡಗೈಯಲ್ಲಿ ಹೆಣ್ಣು ಹೂ ಹಿಡಿದು, ಬಲಗೈಯ ಸೂಜಿ ತುದಿಯಲ್ಲಿ ಕೇಸರದ ಪುಡಿ ತೆಗೆದು, ಶಲಾಕಾಗ್ರಕ್ಕೆ, ಅಂದರೆ ಹೆಣ್ಣು ಹೂವಿನ ನಡುವಿನ ಕಡ್ಡಿಯ ತುದಿಗೆ, ಮುಟ್ಟಿಸಬೇಕು. ಉಸಿರು ಬಿಟ್ಟರೆ ದಾರ ಅಲ್ಲಾಡುತ್ತದೆ. ಮತ್ತೆ ಚೀಲ, ಮೇಲೆ ಲೇಬಲ್. ಮುಟ್ಟಿಸಿದ್ದರಲ್ಲಿ ಕಾಯಿ ಕಟ್ಟುವುದು ಸ್ವಲ್ಪವೇ. ಹೊಸದಾಗಿ ಬಂದ ಹುಡುಗರು ಒಂದು ವಾರಕ್ಕೇ ಬೇರೆ ತಾಕಿಗೆ ಹಾಕಿ ಅಂತ ಅರ್ಜಿ ಕೊಡುತ್ತಿದ್ದರು!

ಕಾಯಿ ಕಟ್ಟಿದರೆ ಗುರುತು ಸುಲಭ, ಮೂರು ರೆಕ್ಕೆ ಇರುತ್ತದೆ. ಮೂರು ಕೋಣೆ, ಕೋಣೆಗೆ ಎರಡರಂತೆ ಜಾಸ್ತಿ ಅಂದರೆ ಆರು ಬೀಜ. ಒಣಗಿ ಕಂದುಬಣ್ಣಕ್ಕೆ ತಿರುಗಿದ ಮೇಲೆ, ಒಡೆಯುವ ಮೊದಲು ಕಿತ್ತುಕೊಳ್ಳಬೇಕು. ಬೀಜಕ್ಕೂ ಕಾಗದದಂಥ ರೆಕ್ಕೆ ಇದೆ, ಫ್ಯಾನ್ ಕೆಳಗೆ ಕಾಯಿ ಬಿಡಿಸಬೇಡಿ. ಕೂಡಲೇ ಬಿತ್ತಿದರೆ ಹುಟ್ಟುವುದಿಲ್ಲ. ಕೆಲವು ತಿಂಗಳು ನಿದ್ದೆ ಮಾಡಲಿ, ಬೇಸಿಗೆ ಮಳೆ ಬಿದ್ದ ಮೇಲೆ ಟ್ರೇಯಲ್ಲಿ ಹಾಕಿ.

ಈಗ ಲೆಕ್ಕ ಕೇಳಿ, ಇಲ್ಲೇ ಎಲ್ಲರ ಉತ್ಸಾಹ ಇಳಿಯುವುದು. ಬೀಜದ ಸಸಿ ಮೊದಲ ವರ್ಷ ಕೊಡುವುದು ಒಂದು ಪುಟ್ಟ ಗೆಡ್ಡೆ. ಅದನ್ನು ತಿನ್ನುವಂತಿಲ್ಲ, ಎರಡನೇ ವರ್ಷ ನೆಡಬೇಕು. ಚೆನ್ನಾಗಿ ಬಂದರೆ 2 ಕೆ.ಜಿ. ಅಂತಿಟ್ಟುಕೊಳ್ಳಿ. ನಾಟಿಗೆ 250 ಗ್ರಾಂ ತುಂಡು ಅಂದರೆ ಎಂಟು ತುಂಡು. ಮೂರನೇ ವರ್ಷ 8 ಬಳ್ಳಿ, ನಾಲ್ಕನೇ ವರ್ಷ 64, ಐದಕ್ಕೆ 512, ಆರಕ್ಕೆ 4096. ಮೂರಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 5000 ಬಳ್ಳಿ ಬೇಕು. ಅಂದರೆ ಒಂದು ತುಂಡೂ ಕೊಳೆಯದೆ, ಒಂದು ತುಂಡೂ ಸಾರಿಗೆ ಬೀಳದೆ ಆರು ವರ್ಷ ಕಳೆದರೂ ಒಂದು ಎಕರೆ ತುಂಬುವುದಿಲ್ಲ. ಇನ್ನೊಂದು ಮಾತು. ಎಕರೆಗೆ ಬೇಕಾಗುವ ನಾಟಿ ಗೆಡ್ಡೆಯೇ ಸುಮಾರು 1250 ಕೆ.ಜಿ. ತಿನ್ನುವ ಮಾಲನ್ನೇ ಮಣ್ಣಿಗೆ ಹಾಕಬೇಕು. ರೈತ ಹೊಸ ತಳಿ ಅಂದರೆ ಹಿಂದೆ ಸರಿಯುವುದು ಸೋಮಾರಿತನದಿಂದ ಅಲ್ಲ.

ನೈಜೀರಿಯಾದ ಉಮುಡಿಕೆಯಲ್ಲಿರುವ ಬೇರು ಬೆಳೆ ಸಂಶೋಧನಾ ಸಂಸ್ಥೆಯವರು ಇದಕ್ಕೇ ಮಿನಿಸೆಟ್ ಅಂತ ವಿಧಾನ ತಂದರು. 25 ಗ್ರಾಮಿನಷ್ಟು ಸಣ್ಣ ತುಂಡು, ಸ್ವಲ್ಪ ಸಿಪ್ಪೆ ಇರಲೇಬೇಕು, ಬೂದಿ ಅಥವಾ ಔಷಧಿ ಸವರಿ ಪಾತಿಯಲ್ಲಿ ಮೊಳಕೆ ಬರಿಸಿ ನೆಡುವುದು. ತಿನ್ನುವ ಗೆಡ್ಡೆಗಲ್ಲ, ಬಿತ್ತನೆ ಗೆಡ್ಡೆಗೆ. ಆಗ ಮೇಲಿನ ಲೆಕ್ಕ ಬೇಗ ಓಡುತ್ತದೆ. ಈಗ ಬಳ್ಳಿಯ ಗಿಣ್ಣು ಕತ್ತರಿಸಿ ಬೇರು ಬರಿಸುವುದು, ಮಣ್ಣಿಲ್ಲದೆ ಬೇರಿಗೆ ನೀರು ಸಿಂಪಡಿಸಿ ಬೆಳೆಸುವುದು ಎಲ್ಲಾ ಬಂದಿದೆ.

ಯಾರು ಮಾಡುತ್ತಿದ್ದಾರೆ ಅಂತ ಕೇಳಿದಿರಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಟನ್ನಿಗೂ ಮೀರಿ ಈ ಕುಲದ ಗೆಣಸು ಬೆಳೆಯುತ್ತದೆ, ಅದರಲ್ಲಿ ಮೂರನೇ ಎರಡು ಪಾಲು ನೈಜೀರಿಯಾ ಒಂದರದೇ. ಹಾಗಾಗಿ ದೊಡ್ಡ ಕೆಲಸವೂ ಅಲ್ಲೇ. ಇಬಾದಾನ್ ಊರಿನಲ್ಲಿ 1967ರಿಂದ ಅಂತಾರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆ ಇದೆ. ಅವರ ಮತ್ತು ಉಮುಡಿಕೆಯವರ ಬಿಳಿ ಗೆಣಸಿನ (ತೂಣಗೆಣಸಲ್ಲ, ಪಶ್ಚಿಮ ಆಫ್ರಿಕಾದ ಬೇರೆ ಜಾತಿ) ಮೊದಲ ಹೈಬ್ರಿಡ್‌ಗಳು ನೈಜೀರಿಯಾದಲ್ಲಿ ಬಿಡುಗಡೆಯಾಗಿದ್ದು 2001ರಲ್ಲಿ. ಆ ಗಿಡಗಳ ನಂಬರು ಶುರುವಾಗುವುದು 89ರಿಂದ, ಅಂದರೆ 1989ರ ಸಾಲಿನವು. ಹನ್ನೆರಡು ವರ್ಷ! ಅಲ್ಲಿಯವರೆಗೆ ಮೇಲಧಿಕಾರಿಗಳು ಎಷ್ಟು ಸಲ ಬದಲಾಗಿರಬೇಕು ಅಂತ ನಾನು ಯೋಚಿಸುತ್ತೇನೆ.

ನಮ್ಮಲ್ಲಿ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, 1963ರದು. ಶ್ರೀ ಕೀರ್ತಿ, ಶ್ರೀ ರೂಪ, ಶ್ರೀ ಕಾರ್ತಿಕ ಅವರ ತೂಣಗೆಣಸಿನ ತಳಿಗಳು. ನಿಮಗೆ ಬೇಕಾದ್ದು ಶ್ರೀ ಶಿಲ್ಪ. ತೂಣಗೆಣಸಿನಲ್ಲಿ ಅವರ ಮೊದಲ ಹೈಬ್ರಿಡ್, 1998ರಲ್ಲಿ ಬಂತು. ಗೆಡ್ಡೆ ಮಧ್ಯಮ ಗಾತ್ರ, ಮೊಟ್ಟೆಯಾಕಾರ, ನಯ. ಮುರಿಯದೆ ಬರುತ್ತದೆ. ಅಂದರೆ ನಿಮ್ಮ ಆಸೆ ಹುಚ್ಚಾಸೆ ಅಲ್ಲ, ಗಿಡ್ಡ ಗೆಡ್ಡೆ ತಳಿ ಮಾಡುವವರ ಪಟ್ಟಿಯಲ್ಲಿ ಮೊದಲಿಂದಲೂ ಇದೆ. ಆದರೆ ಶಿಲ್ಪ ಒಳಗೆ ಬಿಳಿ. ನೇರಳೆ ಬೇಕೆಂದರೆ ಶ್ರೀ ನೀಲಿಮ ಇದೆ. 2020ರ ಅಕ್ಟೋಬರಿನಲ್ಲಿ ಪೌಷ್ಟಿಕಾಂಶ ಹೆಚ್ಚಿಸಿದ 17 ತಳಿಗಳನ್ನು ಪ್ರಧಾನಿ ದೇಶಕ್ಕೆ ಅರ್ಪಿಸಿದರಲ್ಲ, ಅದರಲ್ಲಿ ಶ್ರೀ ನೀಲಿಮ ಮತ್ತು ಡಿಎ 340 ಅಂತ ಎರಡು ಗೆಣಸೂ ಇದ್ದವು. ಪೇಪರಿನವರೆಲ್ಲ ಗೋಧಿ, ಭತ್ತ ಬರೆದು ಗೆಣಸನ್ನು ಕೊನೇ ಸಾಲಿಗೆ ತಳ್ಳಿದರು, ಯಥಾಪ್ರಕಾರ.

ನೇರಳೆ ನಿಮ್ಮದು, ಗುಂಡು ಶಿಲ್ಪದ್ದು. ಎರಡನ್ನೂ ಕೂಡಿಸಬಹುದಾ ಅನ್ನುವುದು ನಿಜವಾಗಿಯೂ ಒಳ್ಳೇ ಪ್ರಶ್ನೆ. ಫೋಟೋ ಹಾಕಿ.

ಉತ್ತರ: ಹೆಣ್ಣೂರು ಬಾಡಿಗೆದಾರ

ಗೆಡ್ಡೆ ಮಾವ ಅವರ ಬರಹ ಓದಿ ಖುಷಿಯಾಯಿತು. ನನ್ನದೊಂದು ಸಣ್ಣ ಸೇರ್ಪಡೆ. ನಮ್ಮ ಕಡೆ, ಹೆಣ್ಣೂರು, ಕೊತ್ತನೂರು ಸುತ್ತ, ಆಫ್ರಿಕಾದ ವಿದ್ಯಾರ್ಥಿಗಳು ಜಾಸ್ತಿ. ಅವರಿಗಾಗಿಯೇ ಅಂಗಡಿಗಳಿವೆ. ಅಲ್ಲಿ ತೊಗಟೆಯಂಥ ಸಿಪ್ಪೆಯ ಉದ್ದ ಗೆಣಸು ಸಿಗುತ್ತದೆ, ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ. ನಮ್ಮ ಕೆಳಗಿನ ಮನೆಯಲ್ಲಿ ನೈಜೀರಿಯಾದ ಹುಡುಗ ಇದ್ದಾನೆ, ಫಾರ್ಮಸಿ ಓದುತ್ತಿದ್ದಾನೆ. ಅದನ್ನು ಬೇಯಿಸಿ ಒರಳಲ್ಲಿ ಕುಟ್ಟಿ ಕುಟ್ಟಿ, ನಮ್ಮ ಮುದ್ದೆಯ ಹಾಗೆ ಉಂಡೆ ಮಾಡಿ ಸಾರಿನಲ್ಲಿ ಅದ್ದಿ ನುಂಗುತ್ತಾನೆ. ಅಗಿಯುವುದಿಲ್ಲ. ಮಂಡ್ಯದವನಾದ ನನಗೆ ಹೇಳಿಕೊಡಬೇಕಾಗಿ ಬರಲಿಲ್ಲ.

ಅವನ ಖರ್ಚು ಉಳಿಸೋಣ ಅಂತ ನಾನು ಮಲಯಾಳಿ ಅಂಗಡಿಯಿಂದ ಕಾಚಿಲ್ ತಂದುಕೊಟ್ಟೆ. ಕುಟ್ಟಿದ. ಉಂಡೆ ನಿಲ್ಲಲಿಲ್ಲ, ನೀರು ನೀರು, ಎಳೆದರೆ ಹಿಗ್ಗುವುದಿಲ್ಲ. ನಯವಾಗಿಯೇ ಇದು ನನ್ನ ಊರಿನ ಗೆಣಸಲ್ಲ ಅಂದ. ಆಮೇಲೆ ಅದನ್ನೇ ಹೋಳು ಮಾಡಿ ಎಣ್ಣೆಯಲ್ಲಿ ಕರಿದ, ಎಲ್ಲರೂ ತಿಂದೆವು.

ನನ್ನ ಪ್ರಶ್ನೆ, ಇಳುವರಿ, ಆಕಾರ ಎಲ್ಲಾ ಸರಿ. ತಿನ್ನುವವನ ಬಾಯಿಗೆ ಸರಿಯಾಗುತ್ತಾ ಅಂತ ಈ ಹೊಸ ತಳಿ ಮಾಡುವವರು ನೋಡುತ್ತಾರಾ?

ಉತ್ತರ: ಬಸವನಗುಡಿ ಅಡುಗೆಮನೆ

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಹಬ್ಬಕ್ಕೆ ಒಂದು ಸಲ ತೂಣಗೆಣಸಿನ ಹುಳಿ ಮಾಡಲು ಹೋದೆ. ಒಂದು ಅಂಗಡಿಯ ಗೆಡ್ಡೆ ಹೆಚ್ಚಿ ಮುಗಿಸುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿತು, ನೋಡಿದರೆ ಹಳೇ ಗೆಡ್ಡೆ ಅನ್ನಬೇಕು. ಇನ್ನೊಂದು ಅಂಗಡಿಯದ್ದು ಅರ್ಧ ಗಂಟೆ ಬಿಟ್ಟರೂ ಬೆಳ್ಳಗೇ ಇತ್ತು. ಅಂಗಡಿಯವನಿಗೆ ಎರಡೂ ಕಾಚಿಲ್ಲೇ. ಮಜ್ಜಿಗೆ ನೀರಿನಲ್ಲಿ ಹಾಕಿದರೆ ಸ್ವಲ್ಪ ತಡೆಯುತ್ತದೆ. ಸಿಪ್ಪೆ ತೆಗೆಯುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಕೆರೆತ ಬರುವುದಿಲ್ಲ.

ಉತ್ತರ: ಗೆಡ್ಡೆ ಮಾವ, ಯಲಹಂಕ

ಹೆಣ್ಣೂರಿನವರು ಗಾಯದ ಮೇಲೇ ಕೈ ಇಟ್ಟರು.

ನಿಮ್ಮ ಹುಡುಗ ಕುಟ್ಟುವುದು ಬಿಳಿ ಗೆಣಸು, ಪಶ್ಚಿಮ ಆಫ್ರಿಕಾದ್ದು. ಕಾಚಿಲ್ ಅದರ ದಾಯಾದಿ, ಆದರೆ ಬೇರೆ ಜಾತಿ, ಏಷ್ಯಾ ಕಡೆಯದು. ಎರಡರ ಹಿಟ್ಟಿನ ಗುಣವೂ ಬೇರೆ. ತೂಣಗೆಣಸಿನಲ್ಲಿ ನೀರಿನಂಶ ಸಾಮಾನ್ಯವಾಗಿ ಜಾಸ್ತಿ. ಅಲ್ಲಿನ ಹೊಲದಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ, ಕಳೆಯನ್ನು ಮೇಲೇಳಲು ಬಿಡುವುದಿಲ್ಲ, ಬಿತ್ತನೆ ತುಂಡೂ ಜಾಸ್ತಿ ಸಿಗುತ್ತದೆ. ಆದರೂ ಸಂತೆಯಲ್ಲಿ ಬೆಲೆ ಬಿಳಿ ಗೆಣಸಿಗೇ. ಅಷ್ಟೆಲ್ಲಾ ಗುಣ ಇದ್ದೂ ಒರಳಿನಲ್ಲಿ ಸೋತಿತು.

ನಾನು ಕೆಲಸಕ್ಕಿದ್ದ ಕಾಲದಲ್ಲಿ ತೂಕವೇ ದೇವರು. ಬಳ್ಳಿಗೆ ಎಷ್ಟು ಕೆ.ಜಿ., ಹೆಕ್ಟೇರಿಗೆ ಎಷ್ಟು ಟನ್. ಬೇಯಿಸಿ ನೋಡುವುದು ಕೊನೆಗೆ, ಆಫೀಸಿನಲ್ಲಿ ನಾಲ್ಕು ಜನ ಗಂಡಸರು ಪ್ಲೇಟ್ ಹಿಡಿದುಕೊಂಡು ಚೆನ್ನಾಗಿದೆ ಸಾರ್ ಅನ್ನುತ್ತಿದ್ದರು. ಅವರಲ್ಲಿ ಯಾರೂ ಮನೆಯಲ್ಲಿ ಒಲೆ ಹಚ್ಚಿದವರಲ್ಲ. ಈಗ ಗಾಳಿ ಬದಲಾಗಿದೆ. ಆಫ್ರಿಕಾದ ಕಾರ್ಯಕ್ರಮಗಳಲ್ಲಿ ಅಡುಗೆ ಮಾಡುವ ಹೆಂಗಸರನ್ನು, ಸಂತೆಯಲ್ಲಿ ಮಾರುವವರನ್ನು ಕೂರಿಸಿ ಕುಟ್ಟಿಸುತ್ತಾರೆ, ಬೇಯಿಸಿಸುತ್ತಾರೆ, ಹಿಗ್ಗುತ್ತಾ, ಉಂಡೆ ನಿಲ್ಲುತ್ತಾ, ಬಣ್ಣ ಕೆಡುತ್ತಾ ಅಂತ ಕೇಳಿ ಬರೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಅದು ಮೊದಲ ವರ್ಷದಿಂದಲೇ ಆಗಬೇಕು. ಎಂಟು ವರ್ಷ ತೂಗಿ, ಒಂಬತ್ತನೇ ವರ್ಷ ಬೇಯಿಸಿದರೆ ಪ್ರಯೋಜನ ಏನು?

ಬಸವನಗುಡಿಯವರು ಹೇಳಿದ ಕಂದುಬಣ್ಣ ಗೆಡ್ಡೆಯ ಹಳತನ ಅಲ್ಲ, ಬಹುಮಟ್ಟಿಗೆ ತಳಿಯ ಗುಣ. ಕತ್ತರಿಸಿದಾಗ ಒಳಗಿನ ಫೀನಾಲ್ ಅಂಶ ಗಾಳಿಗೆ ತೆರೆದುಕೊಂಡು ಕಿಣ್ವದ ಜೊತೆ ಸೇರಿ ಬಣ್ಣ ತಿರುಗುತ್ತದೆ. ಒಂದು ತಳಿಯಲ್ಲಿ ಜಾಸ್ತಿ, ಒಂದರಲ್ಲಿ ಕಡಿಮೆ, ಆದ್ದರಿಂದ ಆರಿಸಿಕೊಳ್ಳಬಹುದು. ಹೋಳು ಹೆಚ್ಚಿ ತಟ್ಟೆಯಲ್ಲಿಟ್ಟು ಗಡಿಯಾರ ನೋಡುತ್ತಾ ಕೂರುವುದು, ಇದಕ್ಕೆ ಲ್ಯಾಬೂ ಬೇಡ. ನೇರಳೆ ಗೆಣಸಿನಲ್ಲಿ ಮಾತ್ರ ಕಣ್ಣಿಗೆ ಮೋಸವಾಗುತ್ತದೆ, ಅಂಚು ನೋಡಬೇಕು.

ಉತ್ತರ: ತಲಘಟ್ಟಪುರ ಮಹಡಿ

ಫೋಟೋ ಹಾಕಿದ್ದೇನೆ. ದಾರ ಕವಲೊಡೆದಿದೆ, ಅಂಕುಡೊಂಕಾಗಿದೆ, ಮೊಗ್ಗು ತೀರಾ ಸಣ್ಣದು. ಗಂಡು ಅಂತ ನನಗೇ ಅನ್ನಿಸುತ್ತಿದೆ.

ಇನ್ನೆರಡು ಮಾತು ಕೇಳಲಾ? ಎಲ್ಲೋ ಹೆಣ್ಣು ಬಳ್ಳಿ ಸಿಕ್ಕಿ, ಹತ್ತಿಪ್ಪತ್ತು ಸಸಿ ಹುಟ್ಟಿತು ಅಂತಿಟ್ಟುಕೊಳ್ಳಿ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ತಿಳಿಯುವುದು? ಮತ್ತೆ, ಈ ಸೆಪ್ಟೆಂಬರ್ ಮಳೆಗೆ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಬಂದು ಸುಟ್ಟ ಹಾಗೆ ಆಗುತ್ತಿದೆ. ಔಷಧಿ ಹೊಡೆಯಲಾ?

ಉತ್ತರ: ಗೆಡ್ಡೆ ಮಾವ, ಯಲಹಂಕ

ಗಂಡೇ. ಅನುಮಾನ ಬೇಡ.

ಕಪ್ಪು ಚುಕ್ಕೆ ಆಂಥ್ರಾಕ್ನೋಸ್ ಇರಬೇಕು. ಮಾವಿನ ಹೂವನ್ನು ಕರಕಲು ಮಾಡುತ್ತದಲ್ಲ, ಆ ಕುಲದ ಶಿಲೀಂಧ್ರವೇ. ತೂಣಗೆಣಸಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಮಳೆ ಹಿಡಿದರೆ ಇಡೀ ಬಳ್ಳಿ ಕಪ್ಪಾಗಿ, ಗೆಡ್ಡೆ ತುಂಬುವ ಮೊದಲೇ ಒಣಗುತ್ತದೆ. ಈಗಿರುವ ನಿಮ್ಮ ಬಳ್ಳಿಗೆ ಹೊಡೆಯುವುದಾದರೆ ಹೊಡೆಯಿರಿ, ಅದು ಹಬ್ಬದ ಗೆಣಸು. ಆದರೆ ಬೀಜದಿಂದ ಬಂದ ಸಸಿಗಳಿಗೆ ಮಾತ್ರ ಏನೂ ಹೊಡೆಯಬೇಡಿ. ಅವುಗಳ ಪಕ್ಕದಲ್ಲೇ ರೋಗದ ಬಳ್ಳಿ ಇಡಿ. ಕೇಳಿದರೆ ಕಟುಕತನ ಅನ್ನಿಸಬಹುದು. ಬೇಗ ಸಾಯುವುದು ಬೇಗ ಸಾಯಲಿ, ಇಲ್ಲದಿದ್ದರೆ ನಾಲ್ಕು ವರ್ಷ ಡ್ರಮ್ಮು, ಮಣ್ಣು, ನೀರು ಎಲ್ಲಾ ಹಾಕಿದ ಮೇಲೆ ಸಾಯುತ್ತದೆ. ಎಲೆ ಹಸಿರಾಗಿ ಉಳಿದದ್ದನ್ನು ಮುಂದಕ್ಕೆ ಇಟ್ಟುಕೊಳ್ಳಿ.

ಆಕಾರವನ್ನು ಮೊದಲ ವರ್ಷ ನೋಡಬೇಡಿ. ಬೀಜದ ಸಸಿಯ ಗೆಡ್ಡೆ ಮೊದಲ ಸಲ ಹೇಗೋ ಇರುತ್ತದೆ, ನಂಬುವಂತಿಲ್ಲ. ಎರಡನೇ ವರ್ಷ ಒಂದೇ ಅಳತೆಯ ತುಂಡು, ಒಂದೇ ಅಳತೆಯ ಡ್ರಮ್ಮು, ಒಂದೇ ಮಣ್ಣು. ದೊಡ್ಡ ತುಂಡು ನೆಟ್ಟದ್ದು ದೊಡ್ಡ ಗೆಡ್ಡೆ ಕೊಟ್ಟೇ ಕೊಡುತ್ತದೆ, ಅದನ್ನು ತಳಿಯ ಗುಣ ಅಂದುಕೊಂಡು ಕುಣಿಯುವವರನ್ನು ಬಹಳ ನೋಡಿದ್ದೇನೆ. ಡ್ರಮ್ಮಿನ ಪಕ್ಕ ನಿಮ್ಮ ಹಳೇ ಪುತ್ತರಿ ಗೆಣಸೂ ಇರಲಿ. ಹೋಲಿಕೆಗೆ ತಾಯಿ ತಂದೆ ಕಣ್ಣೆದುರು ಇರಬೇಕು.

ಇನ್ನೊಂದು. ಬೀಜದ ಸಸಿ ಗಂಡೋ ಹೆಣ್ಣೋ ಅಂತ ಹೂ ಬಿಡುವವರೆಗೂ ತಿಳಿಯದು. 2017ರಲ್ಲಿ ಬಿಳಿ ಗೆಣಸಿನ ಜೀನೋಮ್, ಅಂದರೆ ಇಡೀ ವಂಶವಾಹಿ ಪಟ್ಟಿ, ಓದಿದಾಗ, ಲಿಂಗ ನಿರ್ಧರಿಸುವ ಭಾಗ ಹೆಣ್ಣಿನಲ್ಲಿದೆ ಅಂತ ಗೊತ್ತಾಗಿ, ಎಳೇ ಎಲೆಯಲ್ಲೇ ಪರೀಕ್ಷೆ ಮಾಡುವ ದಾರಿ ಆಯಿತು. ಇಬಾದಾನಿನವರಿಗೆ ಅದರಿಂದ ಎಷ್ಟೋ ಜಾಗ, ವರ್ಷ ಉಳಿಯುತ್ತದೆ. ನಮಗೆ ಮಹಡಿಯವರಿಗೆ ಕಾಯುವುದೇ ಗತಿ.

ಇದೆಲ್ಲಾ ಲ್ಯಾಬಿನವರ ಕೆಲಸ ಅಂತ ಅಂಜಬೇಡಿ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ರೈತರು ಕಾಡಿನ ಗೆಣಸನ್ನು ಅಗೆದು ತಂದು ಹೊಲದಲ್ಲಿ ವರ್ಷಗಟ್ಟಲೆ ನೆಟ್ಟು, ಆರಿಸಿ, ಪಳಗಿಸಿಕೊಳ್ಳುತ್ತಾರೆ. ಹಾಗೆ ತಂದದ್ದರಲ್ಲಿ ಕೆಲವು ಕಾಡಿಗೂ ಹೊಲಕ್ಕೂ ಹುಟ್ಟಿದ ಮಿಶ್ರ ಅಂತ ಆಮೇಲೆ ಸಂಶೋಧಕರು ಪರೀಕ್ಷೆ ಮಾಡಿ ಕಂಡುಕೊಂಡರು. ರೈತರು ಯಾರ ಅಪ್ಪಣೆಗೂ ಕಾದಿರಲಿಲ್ಲ. ನಮ್ಮ ಜೋಯಿಡಾದ ಕುಣಬಿ ಜನರ ಮನೆ ಹಿತ್ತಲಿನಲ್ಲಿ ಇರುವಷ್ಟು ಬಗೆಯ ಗೆಡ್ಡೆ ಗೆಣಸು ಬೆಂಗಳೂರಿನ ಯಾವ ನರ್ಸರಿಯಲ್ಲೂ ಇಲ್ಲ. ಅವರ ಗೆಡ್ಡೆ ಗೆಣಸು ಮೇಳಕ್ಕೆ ಒಮ್ಮೆ ಹೋಗಿ ಬನ್ನಿ, ಹೆಣ್ಣು ಬಳ್ಳಿಯ ಬಗ್ಗೆಯೂ ವಿಚಾರಿಸಿ. ಹೂ ಬಿಡುತ್ತಾ ಅಂತ ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಸರಿಯಾಗಿ ಹೇಳುತ್ತಾರೆ.

ಉತ್ತರ: ಹೊಸಕೋಟೆ ತೋಟ

ಮಾವ, ಬಳ್ಳಿಗೆ ಕೋಲು ಕೊಡದೆ ಬೆಳೆಯುವ ಗೆಣಸು ಯಾರಾದರೂ ಮಾಡಿದ್ದಾರಾ? ಕೋಲಿಗೆ, ಕೂಲಿಗೆ ಹಾಕಿ ನನಗೆ ಏನೂ ಉಳಿಯುವುದಿಲ್ಲ. ಇದ್ದರೆ ನಾನೂ ನಾಲ್ಕು ಸಾಲು ಹಾಕುತ್ತೇನೆ.

ಉತ್ತರ: ಗೆಡ್ಡೆ ಮಾವ, ಯಲಹಂಕ

ಬಂದಿರಲ್ಲಾ ದಾರಿಗೆ. ಶ್ರೀ ಧನ್ಯ ಅಂತ ಇದೆ, ತಿರುವನಂತಪುರದ್ದೇ. ಆಫ್ರಿಕಾದಿಂದ ತಂದ ಬಿಳಿ ಗೆಣಸಿನಿಂದ ಮಾಡಿದ್ದು, ಗಿಡ್ಡ, ಪೊದೆಯಾಗಿ ಕೂರುತ್ತದೆ, ಕೋಲು ಬೇಡ. ಇಳುವರಿ ಹತ್ತುವ ಬಳ್ಳಿಗಿಂತ ಕಡಿಮೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೋಲು ಕೂಲಿ ಕಳೆದು ಲೆಕ್ಕ ಹಾಕಿ. ಹೆಣ್ಣೂರಿನ ಅಂಗಡಿಗಳಿಗೆ ಮಾರುವುದಾದರೆ ಬಿಳಿ ಗೆಣಸೇ ಬೇಕಲ್ಲ, ಅಲ್ವಾ? ಮೊದಲು ಆ ಹುಡುಗನಿಂದ ಕುಟ್ಟಿಸಿ ನೋಡಿ.

ಉತ್ತರ: ಜಾಲಹಳ್ಳಿ ಟೆರೇಸ್

ಈ ಚರ್ಚೆ ಈಗ ನೋಡಿದೆ. ನಮ್ಮ ಮನೆಯವರು ಪಾಲಕ್ಕಾಡಿನವರು, ಅಲ್ಲಿಂದ ತಂದ ಕಾಚಿಲ್ ನಮ್ಮ ಟೆರೇಸಿನಲ್ಲಿದೆ. ಒಳಗೆ ಬಿಳಿ, ಗೆಡ್ಡೆ ಗಿಡ್ಡ, ಸ್ವಲ್ಪ ಅಗಲ. ಪ್ರತಿ ವರ್ಷ ಕವಲಿಲ್ಲದ ದಾರ ನೇತಾಡುತ್ತದೆ, ಅದರಲ್ಲಿ ಮೂರು ಮೂಲೆಯ ಸಣ್ಣ ಕಾಯಿ ತರಹ ಬರುತ್ತದೆ, ಆಮೇಲೆ ಎಲ್ಲಾ ಉದುರಿ ಹೋಗುತ್ತದೆ. ರೋಗ ಅಂದುಕೊಂಡು ಬೇವಿನ ಎಣ್ಣೆ ಹೊಡೆಯುತ್ತಿದ್ದೆ. ಅದು ಹೆಣ್ಣಾ?

ಉತ್ತರ: ಗೆಡ್ಡೆ ಮಾವ, ಯಲಹಂಕ

ಹೆಣ್ಣು! ಗಂಡಿಲ್ಲದೆ ಉದುರುತ್ತಿದೆ, ರೋಗ ಅಲ್ಲ. ಬೇವಿನ ಎಣ್ಣೆ ನಿಲ್ಲಿಸಿ. ಇನ್ನೂ ಅರಳದ ದಾರಗಳಿಗೆ ಇವತ್ತೇ ಚೀಲ ಹಾಕಿ. ಹಳೇ ಪಂಚೆಯ ಬಟ್ಟೆ ಸಾಕು, ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ.

ತಲಘಟ್ಟಪುರದವರೇ, ನಿಮ್ಮದೂ ಅವರದೂ ಹಸಿರು ಮೆಟ್ರೋ ಮಾರ್ಗವೇ, ರೈಲು ಬದಲಿಸುವಂತಿಲ್ಲ. ಮಾರನೇ ದಿನ ಅರಳುವಂತಿರುವ ಗಂಡು ದಾರಗಳನ್ನು ಬೆಳಿಗ್ಗೆ ಕತ್ತರಿಸಿ, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ, ಊಟದ ಡಬ್ಬಿಯಲ್ಲಿ ಅಡ್ಡ ಮಲಗಿಸಿ ತನ್ನಿ. ಅಲ್ಲೇ ನೀರಿನಲ್ಲಿಟ್ಟರೆ ಅರಳುತ್ತವೆ. ಪರಾಗ ಬೇಗ ಸತ್ತು ಹೋಗುತ್ತದೆ, ಪುಡಿ ಮಾಡಿ ಪೊಟ್ಟಣ ಕಟ್ಟಿ ತರುವ ಯೋಚನೆ ಬೇಡ. ಇಬ್ಬರ ಕ್ರೋಮೋಸೋಮು ಹೊಂದದಿದ್ದರೆ ಕಾಯಿ ಕಟ್ಟದೇ ಇರಬಹುದು. ಕಟ್ಟಿದರೆ ಲೇಬಲ್ ಮೇಲೆ ಹೆಣ್ಣಿನ ಹೆಸರು ಮೊದಲು, ಗಂಡಿನದ್ದು ಆಮೇಲೆ, ತಾರೀಖು ಕೆಳಗೆ. ಪೆನ್ಸಿ‌ಲ್‌ನಲ್ಲಿ ಬರೆಯಿರಿ, ಪೆನ್ನು ಮಳೆಗೆ ಅಳಿಸುತ್ತದೆ.

ಉತ್ತರ: ತಲಘಟ್ಟಪುರ ಮಹಡಿ

ಜಾಲಹಳ್ಳಿಯವರೇ, ಶನಿವಾರ ಬೆಳಿಗ್ಗೆ ಬರಲಾ? ಡಬ್ಬಿ, ಸೂಜಿ, ಪೆನ್ಸಿಲ್ ಎಲ್ಲಾ ತರುತ್ತೇನೆ. ಕಾಯಿ ಕಟ್ಟಿದರೆ ಬೀಜ ಅರ್ಧ ಅರ್ಧ.

ಉತ್ತರ: ಜಾಲಹಳ್ಳಿ ಟೆರೇಸ್

ಬನ್ನಿ. ಹತ್ತು ಗಂಟೆ ಮೇಲೆ ಬನ್ನಿ, ಅಲ್ಲಿಯವರೆಗೆ ಟೆರೇಸಿನ ಬೀಗ ಮಾಲೀಕರ ಹತ್ತಿರ ಇರುತ್ತದೆ. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. ಗೆಡ್ಡೆ ಮಾವ, ನಿಮಗೂ ಆಗುವುದಾದರೆ ಬನ್ನಿ, ಮಧ್ಯಾಹ್ನ ಕಾಚಿಲ್ ಪುಳುಕ್ಕು ಮಾಡುತ್ತೇವೆ.